ಹಡಗು ಮಾಡಿಕೊಂಡು ಹೋದದ್ದು

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕೆಂಪು ಕೋಟು ನೇತಾಡುತ್ತಿದೆ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಡೆಯುತ್ತದೆಂದು ಒಳಗಿನ ಪಟ್ಟಿಯಲ್ಲಿ ಬರೆದಿದೆ. ಹಲಸೂರಿಗೆ ಅಂಥ ಚಳಿ ಬರುವ ಸೂಚನೆ ಇದುವರೆಗೆ ಕಂಡಿಲ್ಲ. ಆದರೂ ಡಿಸೆಂಬರಿನಲ್ಲಿ ಹಾಲು ತರಲು ಹೋಗುವಾಗ ನಾನು ಅದನ್ನು ತೊಡುತ್ತೇನೆ. ಹಾಲಿನ ಬೂತು ತಲುಪುವಷ್ಟರಲ್ಲಿ ಬೆವರಿ ತೊಪ್ಪೆಯಾಗಿರುತ್ತೇನೆ. ಒಳ್ಳೆಯ ಕೋಟನ್ನು ಸುಮ್ಮನೆ ಬಿಟ್ಟರೆ ಮೊಳೆ ಮಾತ್ರ ಬೆಚ್ಚಗಿರುತ್ತದೆ, ನನಗೇನು ಲಾಭ?

"ಎಲ್ಲಿ ತಗೊಂಡ್ರಿ ಮೇಡಂ ಇದು?" ಎಂದು ಸರದಿಯಲ್ಲಿ ನಿಂತ ಯಾರಾದರೂ ಕೇಳುತ್ತಾರೆ.

"ಹಡಗಿನವರು ಕೊಟ್ಟರು. ನಮ್ಮ ಚಿಕ್ಕಮಾವ ಉತ್ತರ ಧ್ರುವದ ಕಡೆಗೆ ಒಂದು ಹಡಗು ಮಾಡಿದ್ದರು" ಎನ್ನುತ್ತೇನೆ. ಕೇಳಿದವರು ತಲೆಯಾಡಿಸಿ ಬೇರೆ ಕಡೆ ತಿರುಗುತ್ತಾರೆ. ಇದುವರೆಗೆ ಒಬ್ಬರೂ ಎರಡನೆಯ ಪ್ರಶ್ನೆ ಕೇಳಿಲ್ಲ. ನೀವು ಕೇಳುತ್ತೀರೆಂಬ ನಂಬಿಕೆಯಿಂದ ಮುಂದುವರಿಯುತ್ತೇನೆ.

'ಹಡಗು ಮಾಡುವುದು' ಎಂದರೆ ಏನೆಂದು ತಿಳಿಯಬೇಕಾದರೆ 'ಬಸ್ ಮಾಡುವುದು' ಗೊತ್ತಿರಬೇಕು. ನನ್ನ ತಾಯಿಯ ತವರು ದೊಮ್ಮಲೂರು. ಅಲ್ಲಿನ ನಮ್ಮ ಜನ ಮದುವೆಗಾಗಲಿ, ತಿರುಪತಿಗಾಗಲಿ, ಒಬ್ಬೊಬ್ಬರೇ ಹೋದದ್ದು ಇತಿಹಾಸದಲ್ಲಿಲ್ಲ. ಬಸ್ ಮಾಡುತ್ತಾರೆ. ಶಿವಾಜಿನಗರದ ರಹಮತ್ ಭಾಯ್ ಎಂಬವರ ಬಸ್ಸು ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತದೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಐವತ್ತು ಸೀಟಿನಲ್ಲಿ ಎಂಬತ್ತು ಜನ ಹತ್ತುತ್ತಾರೆ. ಬಸ್ ಮಾಡಿದ ಮನೆಯವರಿಗೆ ಒಂದು ಕರ್ತವ್ಯವಿದೆ. ರಾತ್ರಿಯೆಲ್ಲ ಡ್ರೈವರನ ಪಕ್ಕ ಕೂತು ಅವನು ತೂಕಡಿಸದಂತೆ ನೋಡಿಕೊಳ್ಳಬೇಕು. ನಾನು ಚಿಕ್ಕವಳಿದ್ದಾಗ ಈ ಕೆಲಸ ಮಾಡುತ್ತಿದ್ದವರು ನನ್ನ ಇಬ್ಬರು ಸೋದರಮಾವಂದಿರು. ಎಂಜಿನ್ನಿನ ಮುಚ್ಚಳದ ಮೇಲೆ ದೊಡ್ಡಮಾವ, ಬಾಗಿಲ ಕಡೆಯ ಸೀಟಿನಲ್ಲಿ ಚಿಕ್ಕಮಾವ. ದೊಡ್ಡಮಾವ ಕಥೆ ಹೇಳುತ್ತಿದ್ದರು, ಚಿಕ್ಕಮಾವ ಎಲೆ ಅಡಿಕೆ ಮಡಿಚಿ ಕೊಡುತ್ತಿದ್ದರು. ನಾವು ಮಕ್ಕಳು ಕೆಳಗೆ ಜಮಖಾನದ ಮೇಲೆ, ಡೀಸೆಲ್ ಮತ್ತು ಪುಳಿಯೋಗರೆಯ ವಾಸನೆಯ ನಡುವೆ ಮಲಗಿರುತ್ತಿದ್ದೆವು. ಘಾಟಿಯ ತಿರುವಿನಲ್ಲಿ ಎಚ್ಚರವಾದರೆ ಮುಂದೆ ಇಬ್ಬರ ತಲೆಗಳೂ ಕಾಣುತ್ತಿದ್ದವು. ಮತ್ತೆ ನಿದ್ದೆ ಹೋಗುತ್ತಿದ್ದೆ. ಅಷ್ಟು ಧೈರ್ಯದ ನಿದ್ದೆ ನನಗೆ ಆಮೇಲೆ ಯಾವ ಹಾಸಿಗೆಯಲ್ಲೂ ಬಂದಿಲ್ಲ.

ಆಮೇಲೆ ಆ ಇಬ್ಬರು ಮಾತು ಬಿಟ್ಟರು. ತೊಂಬತ್ತರ ದಶಕದಲ್ಲಿ ನಮ್ಮವರ ಹೊಲದ ಮೇಲೆ ರಿಂಗ್ ರೋಡು ಬಂತು, ಉಳಿದ ಹೊಲದ ಮೇಲೆ ಗಾಜಿನ ಕಟ್ಟಡಗಳು ಬಂದವು. ಮನೆಯಲ್ಲಿ ಒಂದು ಜೊತೆ ಎತ್ತು ಉಳಿಯಿತು. ಉಳಲು ಒಂದು ಮಾರು ಜಾಗವಿರಲಿಲ್ಲ. ಎತ್ತುಗಳು ರಸ್ತೆ ಬದಿಯಲ್ಲಿ ನಿಂತು ಹುಲ್ಲು ಮೆಲ್ಲುತ್ತ ಸಿಗ್ನಲ್ ನೋಡುತ್ತಿದ್ದವು. ದೊಡ್ಡಮಾವ ಅವಕ್ಕೆ ದಿನವೂ ಮೈ ಉಜ್ಜಿ, ಕೊಂಬಿಗೆ ಎಣ್ಣೆ ಹಚ್ಚಿ, ಎಂದಿನಂತೆ ಮಾತಾಡಿಸುತ್ತಿದ್ದರು. ಒಂದು ಸಲ ಅವರು ತಿರುಪತಿಗೆ ಹೋದಾಗ ಚಿಕ್ಕಮಾವ ಎತ್ತುಗಳನ್ನು ಮಾರಿಬಿಟ್ಟರು. ದೊಡ್ಡಮಾವ ಬೋಳುತಲೆಯಲ್ಲಿ ಲಾಡು ಹಿಡಿದುಕೊಂಡು ಬಂದರು, ಖಾಲಿ ಕೊಟ್ಟಿಗೆ ನೋಡಿದರು. ಎಲ್ಲರಿಗೂ ಲಾಡು ಹಂಚಿದರು. ತಮ್ಮನಿಗೂ ಕೊಟ್ಟರು. ಅಲ್ಲಿಂದ ಮಾತು ನಿಂತಿತು.

ಜಗಳವೆಂದರೆ ಕೂಗಾಟವಿಲ್ಲ, ಕೋರ್ಟಿಲ್ಲ. ಚಿಕ್ಕಮಾವ ಬಂದರೆ ದೊಡ್ಡಮಾವ ಎದ್ದು ಹೋಗುತ್ತಿದ್ದರು, ಅಷ್ಟೇ. ಮದುವೆ ಮನೆಯ ಪಂಕ್ತಿಯಲ್ಲಿ ಅರ್ಧ ಊಟಕ್ಕೆ ಎದ್ದರು. ಹಲ್ಲಿನ ಡಾಕ್ಟರ ಕುರ್ಚಿಯಿಂದ ಬಾಯಿ ತೆರೆದುಕೊಂಡೇ ಎದ್ದು ಬಂದರು. ನಮ್ಮಮ್ಮನ ತಿಥಿಯಲ್ಲೂ ಎದ್ದು ಹೋದಾಗ ಚಿಕ್ಕಮಾವ ನಮ್ಮ ಮನೆಯ ಹಿತ್ತಲಿನಲ್ಲಿ ಅತ್ತದ್ದನ್ನು ನಾನು ನೋಡಿದೆ. ಅವರಿಗಾಗಲೇ ಅರವತ್ತು ದಾಟಿತ್ತು, ಅಣ್ಣನಿಗೆ ಎಪ್ಪತ್ತು. "ನಾನು ಸತ್ರೆ ನನ್ನ ಹೆಣ ಬಂತು ಅಂತ ಎದ್ ಹೋಯ್ತಾನೆ ಕಣಮ್ಮ" ಎಂದರು.

ದೊಮ್ಮಲೂರಿನ ಮೇಲುಸೇತುವೆ ಅರ್ಧಕ್ಕೆ ನಿಂತು ಆಕಾಶ ನೋಡುತ್ತಿದ್ದ ಕಾಲ ಅದು. ಇಂದಿರಾನಗರದಲ್ಲಿ ಅದೇ ಹಲ್ಲಿನ ಡಾಕ್ಟರಲ್ಲಿ ಕಾಯುತ್ತ ಕೂತ ಚಿಕ್ಕಮಾವನ ಕೈಗೆ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಅದರಲ್ಲಿ ಹಿಮದ ನಡುವೆ ನಿಂತ ಒಂದು ಬಿಳಿ ಹಡಗಿನ ಚಿತ್ರವಿತ್ತು. ಅದನ್ನು ಹರಿದುಕೊಂಡು ನೇರವಾಗಿ ನಮ್ಮ ಮನೆಗೆ ಬಂದರು. ನಾನು ಹಲಸೂರಿನ ಒಂದು ಕಾನ್ವೆಂಟಿನಲ್ಲಿ ಭೂಗೋಳದ ಟೀಚರು. ಮನೆತನದಲ್ಲಿ ಇಂಗ್ಲಿಷೂ ಭೂಗೋಳವೂ ಎರಡೂ ಬರುವವಳು ನಾನೊಬ್ಬಳೇ. ಅಲ್ಲಿಯವರೆಗೆ ಪೂರ್ವಕ್ಕೆ ತಿರುಪತಿ, ಪಶ್ಚಿಮಕ್ಕೆ ಧರ್ಮಸ್ಥಳ, ಇಷ್ಟರೊಳಗೇ ನನ್ನ ಸ್ವಂತ ಭೂಗೋಳ ಮುಗಿದಿತ್ತು.

"ಇದೇನು ಓದು" ಎಂದರು.

ಓದಿದೆ. ಧ್ರುವ ಪ್ರದೇಶಗಳಿಗೂ ಜನರಿಲ್ಲದ ಕಾಡು ತೀರಗಳಿಗೂ ಹೋಗಬಲ್ಲ ಐಷಾರಾಮಿ ಹಡಗು. ಟಿಕೆಟ್ ಇಲ್ಲ, ಇಡೀ ಹಡಗನ್ನೇ ಬಾಡಿಗೆಗೆ ಹಿಡಿಯಬೇಕು.

"ಅಂದ್ರೆ ಬಸ್ ಮಾಡ್ದಂಗೆ."

"ಹೌದು. ಆದ್ರೆ ಯಾಕೆ ಮಾವ?"

ಚಿಕ್ಕಮಾವ ಚಿತ್ರದ ಮೇಲೆ ಬೆರಳಿಟ್ಟರು. "ಸುತ್ತ ನೋಡು. ಎಲ್ಲಾ ಕಡೆ ನೀರು. ನಾನು ಬಂದೆ ಅಂತ ಇಲ್ಲಿಂದ ಎದ್ದು ಎಲ್ಲಿಗೆ ಹೋಯ್ತಾನೆ?"

ಇಷ್ಟೇ ಯೋಜನೆ. ಗಾಜಿನ ಕಟ್ಟಡಗಳಿಂದ ಬಂದ ಹಣದಲ್ಲಿ ನಮ್ಮ ನೆಂಟರು ಕಲ್ಯಾಣಮಂಟಪ ಕಟ್ಟಿಸಿದರು, ಚುನಾವಣೆಗೆ ನಿಂತರು, ಕೆಲವರು ಎರಡನ್ನೂ ಮಾಡಿದರು. ಚಿಕ್ಕಮಾವ ತಮ್ಮ ಪಾಲಿನಲ್ಲಿ ಅಣ್ಣ ಎದ್ದು ಹೋಗಲಾಗದ ಒಂದು ಜಾಗವನ್ನು ಬಾಡಿಗೆಗೆ ಹಿಡಿಯಲು ಹೊರಟರು. ನನಗೆ ಅದು ಉಳಿದವರ ಖರ್ಚಿಗಿಂತ ಹೆಚ್ಚಿನ ತಿಳಿಗೇಡಿತನವೆಂದು ಅನಿಸಲಿಲ್ಲ.

ಕರಾರಿನ ವಿಷಯದಲ್ಲಿ ಮೊದಲು ರಹಮತ್ ಭಾಯ್ ಅವರ ಸಲಹೆ ಕೇಳಲಾಯಿತು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಸಾಬ್, ಪಾನಿ ಮೇಂ ಹೋಗೋ ಗಾಡಿ ನಂದು ಲೈನ್ ಅಲ್ಲ. ಆದ್ರೂ ಮೂರು ಮಾತು ಪೂಛೋ ನೀವು. ಕಿಲೋಮೀಟರ್‌ಗೆ ಎಷ್ಟು, ಡ್ರೈವರ್ ಬಾಟಾ ಯಾರ್ದು, ಸ್ಟೆಪ್ನಿ ಇದೆಯಾ ಇಲ್ವಾ" ಎಂದರು.

ಹಡಗಿನ ದಲ್ಲಾಳಿ ಹೆಲೆನ್ ಎಂಬ ಹೆಂಗಸು. ಇಂಗ್ಲೆಂಡಿನಲ್ಲಿದ್ದಳು. ಅವಳ ದನಿ ಬೆಣ್ಣೆಯಂತಿತ್ತು. ಫೋನಿನ ಈ ತುದಿಯಲ್ಲಿ ನಾನು, ನನ್ನ ಕಿವಿಗೆ ಕಿವಿ ಹಚ್ಚಿಕೊಂಡು ಚಿಕ್ಕಮಾವ. ಕಿಲೋಮೀಟರ್ ಲೆಕ್ಕವಿಲ್ಲ, ವಾರದ ಲೆಕ್ಕ ಎಂದಳು. ಎಣ್ಣೆ, ಊಟ, ಬಂದರಿನ ಸುಂಕ ಬೇರೆ ಎಂದಳು. ಸಿಬ್ಬಂದಿಗೆ ಕೊನೆಯಲ್ಲಿ ಸಂತೋಷಕ್ಕೆ ಏನಾದರೂ ಕೊಡುವುದು ವಾಡಿಕೆ ಎಂದಳು. "ನೋಡ್ದಾ, ಬಾಟಾ ನಮ್ದೇ" ಎಂದು ಚಿಕ್ಕಮಾವ ಮೊಣಕೈಯಿಂದ ತಿವಿದರು. ಸ್ಟೆಪ್ನಿಯ ಬಗ್ಗೆ ಕೇಳಿದೆ. ಮುಖ್ಯ ಹಡಗಿಗೆ ಏನಾದರೂ ಆದರೆ ಇಳಿಯಲು ರಬ್ಬರಿನ ದೋಣಿಗಳಿವೆಯೆಂದು ತಿಳಿಯಿತು. ಚಿಕ್ಕಮಾವನಿಗೆ ಸಮಾಧಾನವಾಯಿತು.

ಎಷ್ಟು ಜನ ಎಂಬಲ್ಲಿ ಮಾತ್ರ ಮಾತು ನಿಂತಿತು. ಹನ್ನೆರಡು ಜನರಿಗಿಂತ ಹೆಚ್ಚು ಹತ್ತುವಂತಿಲ್ಲ. "ಹನ್ನೆರಡು ಸೀಟು ಅಂದ್ರೆ ಮೂವತ್ತು ಜನ ಆರಾಮಾಗಿ ಆಗುತ್ತೆ, ಮಕ್ಳು ತೊಡೆ ಮೇಲೆ ಅಂತ ಹೇಳು" ಎಂದರು. ಹೇಳಿದೆ. ಹೆಲೆನ್ ಹನ್ನೆರಡೇ ಎಂದು ಇನ್ನೊಮ್ಮೆ ಹೇಳಿದಳು. ಆಮೇಲೆ ಅತಿಥಿಗಳಿಗೆ ದಿಂಬು ಹಂಸದ ಪುಕ್ಕದ್ದು ಬೇಕೋ ಬೇರೆಯದು ಬೇಕೋ ಎಂದು ಕೇಳಿದಳು. ಬೂರುಗದ ಹತ್ತಿಯದು ಎಂದು ಚಿಕ್ಕಮಾವ ಹೇಳಿದರು. ಅದನ್ನು ಇಂಗ್ಲಿಷಿಗೆ ತರಲು ನನಗೆ ಆಗಲಿಲ್ಲ. ನಮ್ಮ ದಿಂಬುಗಳನ್ನು ನಾವೇ ತರುತ್ತೇವೆ ಎಂದೆ.

ದಕ್ಷಿಣ ಧ್ರುವವೋ ಉತ್ತರವೋ ಎಂಬ ಪ್ರಶ್ನೆಯನ್ನು ಅವಳು ಕೊನೆಯಲ್ಲಿ ಕೇಳಿದಳು. ಚಿಕ್ಕಮಾವ ಫೋನಿಗೇ ಬಾಯಿಟ್ಟು "ನೋ ಸೌತ್" ಎಂದರು. ದಕ್ಷಿಣ ಯಮನ ದಿಕ್ಕು. ಎಪ್ಪತ್ತು ದಾಟಿದ ಅಣ್ಣನನ್ನು ಬೇಕೆಂದೇ ಆ ಕಡೆ ಕರೆದುಕೊಂಡು ಹೋಗುವುದುಂಟೇ? ಉತ್ತರವೆಂದಾಯಿತು. ನಾರ್ವೆ ದೇಶದ ನೆತ್ತಿಯ ಮೇಲಿನ ದ್ವೀಪಗಳು, ಜುಲೈ ತಿಂಗಳು.

ಇನ್ನು ದೊಡ್ಡಮಾವನನ್ನು ಕರೆಯುವುದು. ಅರಿಶಿನ ಕುಂಕುಮ, ಎಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಮನೆಗೇ ಹೋಗಿ ಕರೆಯದೆ ನಮ್ಮಲ್ಲಿ ಯಾರೂ ಎಲ್ಲಿಗೂ ಬರುವುದಿಲ್ಲ. ಚಿಕ್ಕಮಾವ ಹೋದರೆ ಅವರು ಎದ್ದು ಹೋಗುತ್ತಾರೆ. ಆದ್ದರಿಂದ ತಟ್ಟೆ ನನ್ನ ಕೈಗೆ ಬಂತು. ದೊಡ್ಡಮಾವ ಒಬ್ಬರೇ ಇದ್ದರು. ಅತ್ತೆ ಹೋಗಿ ಬಹಳ ವರ್ಷವಾಗಿತ್ತು. ತಟ್ಟೆ ನೋಡಿ ಎದ್ದು ನಿಂತು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಯಾರ್ದು ಮದ್ವೆ?"

"ಮದುವೆ ಅಲ್ಲ ಮಾವ. ಚಿಕ್ಕಮಾವ ಹಡಗು ಮಾಡವ್ರೆ. ಉತ್ತರ ಧ್ರುವದ ಹತ್ರಕ್ಕೆ."

ಅವರು ಮತ್ತೆ ಕೂತರು. ಬರುವುದಿಲ್ಲವೆಂದರು. ನಾನು ತಟ್ಟೆ ಹಿಡಿದುಕೊಂಡೇ ನಿಂತೆ. ಬಹಳ ಹೊತ್ತಿನ ಮೇಲೆ ಅವರು, ರಾತ್ರಿಯೆಲ್ಲ ಓಡುತ್ತದೆಯೇ ಎಂದು ಕೇಳಿದರು. ಓಡುತ್ತದೆ ಎಂದೆ.

"ಡ್ರೈವರ್ ಪಕ್ಕ ಯಾರು ಕೂತ್ಕೋತಾರೆ?"

"ಚಿಕ್ಕಮಾವನೇ ಇರಬೇಕು."

"ಅವ್ನು ಒಂಬತ್ತು ಗಂಟೆಗೆಲ್ಲ ತೂಕಡಿಸ್ತಾನೆ. ಡ್ರೈವರ್‌ಗಿಂತ ಮುಂಚೆ ಮಲಗ್ತಾನೆ. ಹೆಂಗಸ್ರು ಮಕ್ಳು ಕೂತಿರೋ ಗಾಡಿ" ಎಂದು ಎಲೆ ಅಡಿಕೆ ಎತ್ತಿಕೊಂಡರು.

ಚಳಿಯ ಬಟ್ಟೆಗೆ ಶಿವಾಜಿನಗರದಲ್ಲಿ ಒಂದು ದಿನ ಅಲೆದೆವು. ಕಂಬಳಿ ಅಂಗಡಿಯವನು ಊಟಿಗೋ ಎಂದು ಕೇಳಿದ. ಇನ್ನೂ ಸ್ವಲ್ಪ ಮೇಲೆ ಎಂದೆ. ಚಿಕ್ಕಮಾವನ ಹೆಂಡತಿ ಲಕ್ಷ್ಮತ್ತೆ ರಾಗಿ ಹಿಟ್ಟು, ಸಾರಿನ ಪುಡಿ, ಮುದ್ದೆ ಕೋಲು ಕಟ್ಟಿಕೊಂಡರು. ಮಿಕ್ಕ ಸೀಟುಗಳಿಗೆ ನೆಂಟರಿಷ್ಟರು ತುಂಬಿಕೊಂಡರು. ಹಡಗು ಹೊರಟ ಗಳಿಗೆಯಿಂದ ವಾಂತಿ ಮಾಡುತ್ತ ಮಲಗಿದ್ದರಿಂದ ಅವರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ನಾರ್ವೆಯ ಬಂದರಿನಲ್ಲಿ ಹಡಗಿನವರು ಎಲ್ಲರಿಗೂ ಕೆಂಪು ಕೋಟು ಕೊಟ್ಟರು. ಮೊದಲ ದಿನ ಊಟದ ಕೋಣೆಗೆ ಚಿಕ್ಕಮಾವ ಬಂದರು, ದೊಡ್ಡಮಾವ ಎದ್ದು ಹೊರಗೆ ಹೋದರು. ಎದ್ದು ಹೋಗಲು ಹಡಗಿನಲ್ಲೂ ಜಾಗವಿತ್ತು, ಆದರೆ ಆ ಜಾಗದಲ್ಲಿ ಗಾಳಿಯಿತ್ತು. ಒಂದು ಪಂಚೆ ಸಮುದ್ರದ ಪಾಲಾದ ಮೇಲೆ ದೊಡ್ಡಮಾವ ಒಳಗೆ ಬಂದು ಕಿಟಕಿಯ ಕಡೆ ಮುಖ ಮಾಡಿ ಕೂತರು. ಚಿಕ್ಕಮಾವನ ಮುಖದಲ್ಲಿ ಹಡಗಿನ ಬಾಡಿಗೆ ಅರ್ಧ ವಸೂಲಾದ ಕಳೆ ಕಂಡಿತು.

ಆ ಸಂಜೆಯೇ ಇಬ್ಬರೂ ಕ್ಯಾಪ್ಟನ್ ಹಡಗು ನಡೆಸುವ ಕೋಣೆ ಸೇರಿದರು. ಅತಿಥಿಗಳು ಯಾವಾಗ ಬೇಕಾದರೂ ಅಲ್ಲಿಗೆ ಬರಬಹುದೆಂದು ಆ ಮನುಷ್ಯನೇ ಹೇಳಿದ್ದ. ಎತ್ತರದ ಆಳು, ಮಾತು ಕಡಿಮೆ, ನಾರ್ವೆಯವನು. ಅವನ ಎಡಕ್ಕೆ ದೊಡ್ಡಮಾವ, ಬಲಕ್ಕೆ ಎಲೆ ಅಡಿಕೆಯ ಚೀಲದೊಂದಿಗೆ ಚಿಕ್ಕಮಾವ. ಎರಡನೆಯ ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದು, ನಾವು ಸರದಿಯ ಮೇಲೆ ನಿದ್ದೆ ಮಾಡುತ್ತೇವೆ, ಹಿರಿಯರಿಬ್ಬರೂ ದಯವಿಟ್ಟು ಮಲಗಬಹುದು ಎಂದ. ಅದನ್ನು ದೊಡ್ಡಮಾವನಿಗೆ ತಿಳಿಸಿದೆ.

"ಎಲ್ಲಾ ಡ್ರೈವರ್‌ಗಳೂ ಹಂಗೇ ಹೇಳೋದು" ಎಂದರು.

ಮಾತು ಬಿಟ್ಟವರು ಎದುರಿಗಿದ್ದವರ ಕಿವಿಗೆ ಬೀಳುವಂತೆ ಮೂರನೆಯವರಿಗೆ ಹೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಮೂರನೆಯವರು ಸೊಸೆಯಾಗಬಹುದು, ಗೋಡೆಯಾಗಬಹುದು, ಎಮ್ಮೆಯೂ ಆದೀತು. ಮೂರನೆಯ ದಿನದ ಹೊತ್ತಿಗೆ ಆ ಸ್ಥಾನ ಕ್ಯಾಪ್ಟನ್ನನಿಗೆ ಬಂದಿತ್ತು.

"ಕ್ಯಾಪ್ಟನ್ ಸಾರ್, ಆ ಕಡೆ ಕೂತಿರೋರು ಮಫ್ಲರ್ ಕಿವಿಗೆ ಸುತ್ಕೊಂಡ್ರೆ ಒಳ್ಳೇದು ಅಂತ ಹೇಳಿ" ಎಂದರು ಚಿಕ್ಕಮಾವ.

"ಯೆಸ್, ಯೆಸ್" ಎಂದ ಕ್ಯಾಪ್ಟನ್, ದುರ್ಬೀನಿನಲ್ಲಿ ಮಂಜುಗಡ್ಡೆ ಹುಡುಕುತ್ತ.

"ಕ್ಯಾಪ್ಟನ್, ನಮ್ಮ ಕಿವಿ ನೋಡ್ಕೊಳ್ಳೋದು ನಮಗೆ ಗೊತ್ತೈತೆ ಅಂತ ಹೇಳಿ" ಎಂದರು ದೊಡ್ಡಮಾವ.

"ಯೆಸ್, ಯೆಸ್."

ಸ್ವಲ್ಪ ಹೊತ್ತಿಗೆ ದೊಡ್ಡಮಾವ ಮಫ್ಲರ್ ಸುತ್ತಿಕೊಂಡರು. ಚಿಕ್ಕಮಾವ ಕೆಳಗೆ ಬಂದು "ಗೋಡೆಗೆ ಹೇಳೋ ಮಟ್ಟಕ್ಕೆ ಬಂದವ್ನೆ" ಎಂದು ಹೆಂಡತಿಗೆ ಹೇಳಿ ಹುಡುಗನಂತೆ ನಕ್ಕರು. ನನಗೂ ಖುಷಿಯಾಯಿತು.

ಮಧ್ಯೆ ಮಧ್ಯೆ ರಬ್ಬರಿನ ಸ್ಟೆಪ್ನಿಯಲ್ಲಿ ದಡಕ್ಕೆ ಕರೆದೊಯ್ಯುತ್ತಿದ್ದರು. ಆ ನೆಲಕ್ಕೆ ಪರದೇಶದ ಬೀಜ ಬೀಳಬಾರದೆಂದು ಇಳಿಯುವ ಮುಂಚೆ ಬೂಟು ತೊಳೆಯಬೇಕು, ಜೇಬಿಗೆ ಯಂತ್ರ ಹಿಡಿದು ಧೂಳು ಎಳೆಸಬೇಕು. ದೊಡ್ಡಮಾವನ ಸ್ವೆಟರಿನ ಜೇಬಿನಿಂದ ರಾಗಿ ಕಾಳುಗಳು ಬಂದವು. ಹೊಲ ಹೋಗಿ ಅಷ್ಟು ವರ್ಷವಾದ ಮೇಲೆ ಅವು ಅಲ್ಲಿಗೆ ಹೇಗೆ ಬಂದವೆಂದು ನಾನು ಕೇಳಲಿಲ್ಲ. ದಡದಲ್ಲಿ ದಂತವಿರುವ ದೊಡ್ಡ ದೊಡ್ಡ ಪ್ರಾಣಿಗಳು ಕೆರೆಯ ಎಮ್ಮೆಗಳಂತೆ ಬಿದ್ದುಕೊಂಡಿದ್ದವು. ಎಲ್ಲರೂ ಫೋಟೊ ತೆಗೆದರು. ದೊಡ್ಡಮಾವ, ಒಂದಕ್ಕೆ ಕಣ್ಣಿನಲ್ಲಿ ನೀರು ಸುರಿಯುತ್ತಿದೆ, ಯಾರಾದರೂ ನೋಡಬೇಕು ಎಂದರು.

ಆಮೇಲೆ ಶನಿವಾರ ಬಂತು.

ದೊಡ್ಡಮಾವ ಶನಿವಾರ ಒಪ್ಪತ್ತು ಇರುತ್ತಾರೆ. ಹಗಲೆಲ್ಲ ನೀರು ಮಾತ್ರ. ಹೊತ್ತು ಮುಳುಗಿ, ದೀಪ ಹಚ್ಚಿ, ತಿಮ್ಮಪ್ಪನಿಗೆ ಕೈಮುಗಿದ ಮೇಲೆ ಊಟ. ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಜುಲೈಯಲ್ಲಿ ಆ ಕಡೆ ಹೊತ್ತು ಮುಳುಗುವುದೇ ಇಲ್ಲವೆಂಬುದೂ ಕನಿಷ್ಠ ನನಗೆ ಗೊತ್ತಿತ್ತು. ವರ್ಷ ವರ್ಷವೂ ಎಂಟನೆಯ ತರಗತಿಗೆ ಅದನ್ನೇ ಪಾಠ ಮಾಡಿ ಐದು ಅಂಕದ ಪ್ರಶ್ನೆ ಕೊಡುತ್ತಿದ್ದೆ. ಎರಡನ್ನೂ ಜೋಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ.

ಗಡಿಯಾರದಲ್ಲಿ ಸಂಜೆ ಏಳಾಯಿತು. ಸೂರ್ಯ ತೆಂಗಿನ ಮರದ ಎತ್ತರದಲ್ಲಿ ಕೂತಿದ್ದ. ಒಂಬತ್ತಾಯಿತು, ಅಲ್ಲೇ ಸ್ವಲ್ಪ ಪಕ್ಕಕ್ಕೆ ಸರಿದಿದ್ದ. ಲಕ್ಷ್ಮತ್ತೆ ಮುದ್ದೆ ಮಾಡಿಕೊಂಡು ಕಾದರು. ನಾನು ನಿಂಬೆಹಣ್ಣಿಗೆ ಊದುಬತ್ತಿಯ ಕಡ್ಡಿ ಚುಚ್ಚಿ, ಭೂಮಿಯ ಓರೆಯನ್ನು ದೊಡ್ಡಮಾವನಿಗೆ ವಿವರಿಸಿದೆ. ಗಮನವಿಟ್ಟು ಕೇಳಿದರು.

"ಸರಿ. ಯಾವಾಗ ಮುಳುಗುತ್ತೆ?"

"ಆಗಸ್ಟ್ ಕೊನೆಗೆ, ಮಾವ."

"ಕಾಯ್ತೀನಿ" ಎಂದರು.

ಕ್ಯಾಪ್ಟನ್ನನ ಕೋಣೆಯಲ್ಲಿ ವಾದ ನಡೆಯಿತು. "ಕ್ಯಾಪ್ಟನ್ ಸಾರ್, ಬೆಂಗಳೂರಲ್ಲಿ ಆಗ್ಲೇ ಮುಳುಗೈತೆ ಅಂತ ಅವ್ರಿಗೆ ಹೇಳಿ" ಎಂದು ಚಿಕ್ಕಮಾವ. "ನಾನು ಬೆಂಗಳೂರಲ್ಲಿ ಇಲ್ಲ ಅಂತ ಹೇಳಿ" ಎಂದು ದೊಡ್ಡಮಾವ. ಕ್ಯಾಪ್ಟನ್ ಇಬ್ಬರಿಗೂ ಯೆಸ್ ಎಂದ. ವಿಷಯ ತಿಳಿದ ಮೇಲೆ ಅವನು ನಕ್ಷೆ ಬಿಡಿಸಿ, ಸೂರ್ಯ ಮುಳುಗುವ ಕಡಲಿಗೆ ಹೋಗಲು ಎಷ್ಟು ದಿನ ಬೇಕೆಂದು ಅಳೆದು, ನಕ್ಷೆಯನ್ನು ಮತ್ತೆ ಮಡಿಚಿಟ್ಟ. ಆಮೇಲೆ ಅವನು ತಮಾಷೆಯಾಗಿ ಒಂದು ಮಾತನ್ನೂ ಆಡಲಿಲ್ಲ. ಅದಕ್ಕಾಗಿ ಅವನನ್ನು ನಾನು ಇಂದಿಗೂ ನೆನೆಯುತ್ತೇನೆ.

ಕ್ಯಾಲೆಂಡರಿನಲ್ಲಿ ಭಾನುವಾರವಾಯಿತು. ಹೊತ್ತು ಮುಳುಗದೆ ಶನಿವಾರ ಮುಗಿಯುವುದು ಹೇಗೆಂದು ದೊಡ್ಡಮಾವ ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ, ಮಾತ್ರೆಯನ್ನೂ ತೆಗೆದುಕೊಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಿಂದ ಏಳಲು ಹೋಗಿ ಜೋಲಿ ಹೊಡೆದರು. ನಾನೂ ಲಕ್ಷ್ಮತ್ತೆಯೂ ಹಿಡಿದುಕೊಂಡು ಊಟದ ಕೋಣೆಯ ಸೋಫಾದಲ್ಲಿ ಕೂರಿಸಿದೆವು. ಕೈ ತಣ್ಣಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಸ್ಪತ್ರೆಯೆಂಬುದು ಎರಡು ದಿನದ ದಾರಿಯಾಚೆ ಇತ್ತು.

ಚಿಕ್ಕಮಾವ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಮೊದಲನೆಯ ಕಿಟಕಿಯ ಪರದೆ ಎಳೆದರು. ಆ ಹಡಗಿನಲ್ಲಿ ನಿದ್ದೆಗೆಂದು ಎಲ್ಲ ಕಿಟಕಿಗೂ ದಪ್ಪ ಕಪ್ಪು ಪರದೆಗಳಿದ್ದವು. ಎರಡನೆಯದು, ಮೂರನೆಯದು, ಹೀಗೆ ಕೋಣೆಯ ಸುತ್ತ ಒಂದೊಂದನ್ನೇ ಎಳೆಯುತ್ತ ಬಂದರು. ಕೊನೆಯ ಪರದೆ ಎಳೆದಾಗ ಕತ್ತಲಾಯಿತು. ಮೇಜಿನ ಮೇಲಿನ ಪುಟ್ಟ ದೀಪದ ಗುಂಡಿ ಒತ್ತಿದರು, ಬೆಂಕಿ ಹಚ್ಚಲು ಅಲ್ಲಿ ಬಿಡುತ್ತಿರಲಿಲ್ಲ. ಆಮೇಲೆ ಸೋಫಾದ ಮುಂದೆ ಬಂದು ನಿಂತರು. ಕೋಣೆಯಲ್ಲಿ ನಾನಿದ್ದೆ, ಲಕ್ಷ್ಮತ್ತೆಯಿದ್ದರು. ನಮ್ಮ ಕಡೆ ನೋಡಲಿಲ್ಲ.

"ಅಣ್ಣ, ಹೊತ್ತು ಮುಳುಗ್ತು. ದೀಪ ಹಚ್ಚಿವ್ನಿ. ಊಟ ಮಾಡು."

ಎರಡು ಪರದೆಗಳ ಸಂದಿಯಲ್ಲಿ ಬಿಸಿಲಿನ ಒಂದು ಗೆರೆ ಉಳಿದಿತ್ತು. ಅದು ನೇರವಾಗಿ ದೊಡ್ಡಮಾವನ ಮೊಣಕಾಲಿನ ಮೇಲೆ ಬಿದ್ದಿತ್ತು. ಅವರು ಆ ಗೆರೆಯನ್ನು ನೋಡಿದರು, ತಮ್ಮನನ್ನು ನೋಡಿದರು. ಕಾಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ದೀಪಕ್ಕೆ ಕೈಮುಗಿದರು. ಲಕ್ಷ್ಮತ್ತೆ ತಟ್ಟೆ ಇಟ್ಟರು. ಆರಿದ ಮುದ್ದೆಯನ್ನು ಮುರಿದು ನಾಲ್ಕು ತುತ್ತು ನುಂಗುವವರೆಗೆ ಯಾರೂ ಅಲುಗಲಿಲ್ಲ.

"ಎತ್ತುಗಳನ್ನ ಯಾರಿಗೆ ಕೊಟ್ಟೆ?" ಎಂದು ದೊಡ್ಡಮಾವ ತಟ್ಟೆ ನೋಡುತ್ತಲೇ ಕೇಳಿದರು.

"ಮಾಲೂರು ಕಡೆಯೋರಿಗೆ. ಹೊಲ ಇತ್ತು ಅವ್ರಿಗೆ."

"ಚೆನ್ನಾಗಿದ್ವಾ?"

"ಇದ್ವು. ಇರೋಗಂಟ ಸಂಕ್ರಾಂತಿ ಸಂಕ್ರಾಂತಿಗೆ ನಾನೇ ಹೋಗಿ ಮೈ ತೊಳೆದು ಬತ್ತಿದ್ದೆ."

"ಒಂದ್ಸಲ ಹೇಳೋದಲ್ವೇನೋ ನಂಗೆ."

"ಎಲ್ಲಿ ಹೇಳ್ಲಿ ಅಣ್ಣ? ಬಾಯಿ ತೆಗೆಯೋದ್ರೊಳಗೆ ಹೊರಟೋಯ್ತಿದ್ದೆ" ಎನ್ನುವಾಗ ಚಿಕ್ಕಮಾವನ ದನಿ ಒಡೆಯಿತು.

ದೊಡ್ಡಮಾವ ಇನ್ನೊಂದು ತುತ್ತು ಮುರಿದರು. ಅದನ್ನು ಬಾಯಿಗಿಡದೆ ಸೋಫಾದಲ್ಲಿ ಸರಿದು ಕೂತರು.

"ಕೂತ್ಕೋ. ನೀನೂ ನೆನ್ನೆಯಿಂದ ಏನೂ ತಿಂದಿಲ್ಲ."

ಅದು ನಿಜವಾಗಿತ್ತು. ಅಷ್ಟು ಚಿಕ್ಕ ಹಡಗಿನಲ್ಲಿ ಅದನ್ನು ಗಮನಿಸಿದ್ದವರು ಅವರೊಬ್ಬರೇ.